ಅಪ್ಪಯ್ಯನ ಪ್ರಾಸ್ಟೇಟ್ ಆಪರೇಷನ್: ಈಗಲೇ ಮಾಡಿಸೋದಾ, ಕೊನೆಕೊಯ್ಲು ಮುಗಿಯಲಿ ಅನ್ನೋದಾ?

ಸಾಗರದ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪಯ್ಯನಿಗೆ 72 ವರ್ಷ. ಸಾಗರದ ಹತ್ತಿರ ಅಡಿಕೆ ತೋಟ. ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಅಂತ ಮೂರು ವರ್ಷದಿಂದ ಟ್ಯಾಮ್ಸುಲೋಸಿನ್ 0.4 ಮಾತ್ರೆ ರಾತ್ರಿಗೊಂದು ನುಂಗುತ್ತಾರೆ. ಆದರೂ ರಾತ್ರಿ ಮೂರು ಸಲ ಏಳುತ್ತಿದ್ದರು. ವಯಸ್ಸಾಯಿತಲ್ಲ ಅಂತ ನಾವೂ ಸುಮ್ನಿದ್ದೆವು.

ಹೋದ ತಿಂಗಳು ನನ್ನ ಮನೆಗೆ ಬರಲು ರಾತ್ರಿ ಬಸ್ ಹತ್ತಿದರು. ನೆಗಡಿ ಇತ್ತು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮಾತ್ರೆ ನುಂಗಿದ್ದಾರೆ. ದಾರಿಯಲ್ಲಿ ಒಂದಕ್ಕೆ ಬಂದರೂ ಕಂಡಕ್ಟರ್‌ಗೆ ಹೇಳಲು ಸಂಕೋಚ, ತಡೆದುಕೊಂಡಿದ್ದಾರೆ. ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಹೋದರೆ ಒಂದು ಹನಿಯೂ ಇಲ್ಲ. ಮನೆಗೆ ಬಂದ ಮೇಲೆ ನಾಲ್ಕು ಸಲ ಬಚ್ಚಲಿಗೆ ಹೋದರು, ನಲ್ಲಿ ಬಿಟ್ಟುಕೊಂಡು ನಿಂತರು, ಬಿಸಿನೀರು ಹುಯ್ದುಕೊಂಡರು. ಹತ್ತು ಗಂಟೆ ಹೊತ್ತಿಗೆ ಕಿಬ್ಬೊಟ್ಟೆ ತೆಂಗಿನಕಾಯಿ ಹಾಗೆ ಗಟ್ಟಿಯಾಗಿ ಎದ್ದು ನಿಂತಿತ್ತು. ಗೋಡೆ ಹಿಡಿದು ನಡುಗುತ್ತಿದ್ದರು. ಅಪ್ಪಯ್ಯ ಅಳುವುದನ್ನು ನಾನು ನೋಡಿದ್ದು ಅವತ್ತೇ ಮೊದಲು. ಕ್ಯಾಶುವಾಲ್ಟಿಯಲ್ಲಿ ಪೈಪ್ ಹಾಕಿದರೆ 1,100 ಎಂಎಲ್ ಬಂತು.

ಸ್ಕ್ಯಾನ್‌ನಲ್ಲಿ ಪ್ರಾಸ್ಟೇಟ್ 68 ಗ್ರಾಂ. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನಕ್ಕೆ ಮಾಡುವ ರಕ್ತ ಪರೀಕ್ಷೆ) 9.2. ವಾರದ ಮೇಲೆ ಪೈಪ್ ತೆಗೆದರು, ಅದೇ ಸಂಜೆ ಮತ್ತೆ ಕಟ್ಟಿಕೊಂಡಿತು, ಮತ್ತೆ ಪೈಪ್. ಈಗ ಆಪರೇಷನ್ ಮಾಡಿಸಿ ಅಂತಿದ್ದಾರೆ. ಅಪ್ಪಯ್ಯ ಒಪ್ಪುತ್ತಿಲ್ಲ. ಕೊನೆಕೊಯ್ಲು ಮುಗಿಯಲಿ, ಸಂಕ್ರಾಂತಿ ಆದ ಮೇಲೆ ನೋಡೋಣ, ಅಲ್ಲಿವರೆಗೆ ಈ ಚೀಲ ಕಟ್ಟಿಕೊಂಡೇ ಇರುತ್ತೇನೆ ಅಂತಾರೆ. ಅವರ ಪರಿಚಯದ ಒಬ್ಬರು, ಆಪರೇಷನ್ ಆದ ಮೇಲೆ ಜೀವನಪೂರ್ತಿ ಸೋರುತ್ತೆ ಅಂತ ತಲೆಗೆ ತುಂಬಿದ್ದಾರೆ. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡುವ ಆಸ್ಪಿರಿನ್ ಕ್ಲೋಪಿಡೋಗ್ರೆಲ್ ಎರಡೂ ನಡೆಯುತ್ತಿದೆ. ಶಿವಮೊಗ್ಗದಲ್ಲಿ ಟಿಯುಆರ್‌ಪಿ (ಮೂತ್ರದ ದಾರಿಯಲ್ಲೇ ಹೋಗಿ ಗ್ರಂಥಿ ಹೆರೆದು ತೆಗೆಯೋದು) ಮಾಡಿಸೋದಾ, ಬೆಂಗಳೂರಿನಲ್ಲಿ ಲೇಸರ್ ಮಾಡಿಸೋದಾ? ಪಿಎಸ್‌ಎ ನೋಡಿ ನನಗೆ ಕ್ಯಾನ್ಸರ್ ಭಯ ಬೇರೆ. ಮಾಡಿಸಿಕೊಂಡವರು ಹೇಳಿ.

ರಂಗನಾಥ ಹಾಸನ

ನಾನು ಮಾಡಿಸಿಕೊಂಡು 14 ತಿಂಗಳಾಯಿತು. ನನಗೆ 67. ಎರಡು ಸಲ ಕಟ್ಟಿಕೊಂಡಿದೆ ಅಂದ ಮೇಲೆ ಮಾತ್ರೆಯ ಕಾಲ ಮುಗಿಯಿತು ತಮ್ಮಾ. ಮಾಡಿಸಿ. ಉಳಿದಿದ್ದು ರಾತ್ರಿ ಬರೆಯುತ್ತೇನೆ.

ಕೊಡಗಿನ ಕಾವೇರಪ್ಪ

ನೆಗಡಿ ಮಾತ್ರೆಯೇ ಕಾರಣ. ಪ್ರಾಸ್ಟೇಟ್ ಇದ್ದವರು ಆ ಮಾತ್ರೆ ಮುಟ್ಟಲೇಬಾರದು.

ವಾರ್ಡ್ ಸಿಸ್ಟರ್ ಮಂಗಳೂರು

ಮಾತ್ರೆ ಒಂದೇ ಕಾರಣ ಅಲ್ಲ. ಅದು ಕೊನೆಯ ಏಟು ಅಷ್ಟೇ. ಯುರಾಲಜಿ ವಾರ್ಡಿನಲ್ಲಿ ನನ್ನ ಸರ್ವೀಸ್ 11 ವರ್ಷ, ಅದಕ್ಕೇ ಹೇಳುತ್ತಿದ್ದೇನೆ. ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿ ಮೊದಲೇ ಕಿರಿದಾಗಿರುತ್ತೆ. ನೆಗಡಿ ಮಾತ್ರೆಗಳಲ್ಲಿ ಮೂಗು ಕಟ್ಟಿದ್ದನ್ನು ಬಿಡಿಸೋ ಔಷಧಿ ಇರುತ್ತಲ್ಲ, ಅದು ಮೂತ್ರಕೋಶದ ಬಾಯಿಯ ಸ್ನಾಯುವನ್ನು ಬಿಗಿ ಮಾಡುತ್ತೆ. ಅದರ ಜೊತೆ ಇರೋ ಅಲರ್ಜಿ ಔಷಧಿ ಮೂತ್ರಕೋಶ ಹಿಂಡೋ ಶಕ್ತಿ ಕಮ್ಮಿ ಮಾಡುತ್ತೆ. ಮೇಲಿಂದ ಗಂಟೆಗಟ್ಟಲೆ ತಡೆದರೆ ಮೂತ್ರಕೋಶ ಅತಿಯಾಗಿ ಹಿಗ್ಗಿ ಸೋತುಹೋಗುತ್ತೆ. ಮಲಬದ್ಧತೆ, ಮದ್ಯ, ಇವೂ ಹೀಗೇ ಮಾಡುತ್ತವೆ.

ಪಿಎಸ್‌ಎ ಯಾವಾಗ ಮಾಡಿಸಿದ್ದು? ಪೈಪ್ ಹಾಕಿದ ದಿನವೇ ರಕ್ತ ತೆಗೆದಿದ್ದರೆ ಆ 9.2 ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಮೂತ್ರ ಕಟ್ಟಿದಾಗ, ಪೈಪ್ ಹಾಕಿದಾಗ, ಇನ್‌ಫೆಕ್ಷನ್ ಆದಾಗ ಅದು ಏರುತ್ತೆ. ಹಾಗಂತ ಬಿಟ್ಟೂ ಬಿಡಬೇಡಿ. ಡಾಕ್ಟರ್ ಬೆರಳು ಹಾಕಿ ಪರೀಕ್ಷೆ ಮಾಡಿದರಾ, ಎಂಆರ್‌ಐ ಬೇಕಾ ಅಂತ ಕೇಳಿ.

ಸಾಗರದ ಹುಡುಗ

ಹೌದು ಸಿಸ್ಟರ್, ಅದೇ ದಿನ ಕ್ಯಾಶುವಾಲ್ಟಿಯಲ್ಲೇ ರಕ್ತ ತೆಗೆದಿದ್ದು! ಇದನ್ನು ಯಾರೂ ನಮಗೆ ಹೇಳಲಿಲ್ಲ.

ನಾಟಿ ಪ್ರೇಮಿ

ಇಂಗ್ಲಿಷ್ ಔಷಧಿಯವರಿಗೆ ಕತ್ತಿ ಬಿಟ್ಟು ಬೇರೆ ಗೊತ್ತಿಲ್ಲ. ನಮ್ಮ ದೊಡ್ಡಪ್ಪ ನೆಗ್ಗಿಲುಮುಳ್ಳಿನ ಕಷಾಯ, ಚಂದ್ರಪ್ರಭಾ ವಟಿ, ದಿನಾ ಒಂದು ಹಿಡಿ ಕುಂಬಳ ಬೀಜ ತಿಂದು ಎಂಟು ವರ್ಷದಿಂದ ಆರಾಮಾಗಿದ್ದಾರೆ. ಆರು ತಿಂಗಳು ನೋಡಿ, ಆಮೇಲೆ ಆಪರೇಷನ್.

ರಂಗನಾಥ ಹಾಸನ

ನಿಮ್ಮ ದೊಡ್ಡಪ್ಪನಿಗೆ ಒಮ್ಮೆಯಾದರೂ ಪೂರ್ತಿ ಕಟ್ಟಿಕೊಂಡಿತ್ತಾ?

ನಾಟಿ ಪ್ರೇಮಿ

ಇಲ್ಲ. ರಾತ್ರಿ ಎರಡು ಮೂರು ಸಲ ಏಳುತ್ತಿದ್ದರು ಅಷ್ಟೇ.

ವಾರ್ಡ್ ಸಿಸ್ಟರ್ ಮಂಗಳೂರು

ಹಾಗಾದರೆ ಎರಡೂ ಒಂದೇ ಅಲ್ಲ ಅಣ್ಣ. ತೊಂದರೆ ಕಮ್ಮಿ ಇದ್ದಾಗ ಎಷ್ಟೋ ಜನಕ್ಕೆ ಏನೂ ಮಾಡದೆಯೂ ಹಾಗೇ ನಡೆದುಕೊಂಡು ಹೋಗುತ್ತೆ. ಅದಕ್ಕೇ ಡಾಕ್ಟರುಗಳು ಏಳು ಪ್ರಶ್ನೆಯ ಒಂದು ಹಾಳೆ ಕೊಟ್ಟು ಅಂಕ ಹಾಕುವುದು. 35ಕ್ಕೆ 7ರೊಳಗೆ ಇದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. 20ರ ಮೇಲೆ ಹೋದರೆ ತೀವ್ರ. ಇವರ ತಂದೆಗೆ ಪೈಪ್ ಇಲ್ಲದೆ ಒಂದು ಹನಿ ಬರುತ್ತಿಲ್ಲ. ಇಲ್ಲಿ ಆರು ತಿಂಗಳು ಕಷಾಯ ಅಂದರೆ ಆರು ತಿಂಗಳು ಪೈಪ್ ಅಂತಲೇ ಅರ್ಥ. ಪೈಪ್ ಇದ್ದಷ್ಟು ದಿನ ಇನ್‌ಫೆಕ್ಷನ್ ಭಯ. ಚಳಿಜ್ವರ ಬಂದು ಬಿಪಿ ಇಳಿದು ಐಸಿಯುಗೆ ಸೇರಿದವರನ್ನು ನಾನು ನೋಡಿದ್ದೇನೆ.

ನಾಟಿ ಪ್ರೇಮಿ

ಸರಿ, ಪೈಪ್ ವಿಷಯ ಒಪ್ಪುತ್ತೇನೆ. ಆದರೆ ಎಲ್ಲರಿಗೂ ಆಪರೇಷನ್ ಅನ್ನುವುದನ್ನು ಒಪ್ಪಲ್ಲ.

ವಾರ್ಡ್ ಸಿಸ್ಟರ್ ಮಂಗಳೂರು

ಎಲ್ಲರಿಗೂ ಅಂತ ನಾನೂ ಹೇಳಲಿಲ್ಲ.

ಧಾರವಾಡದ ಅಕ್ಕ

ನಮ್ಮ ಮನೆಯವರ ಕಥೆ ಹೇಳುತ್ತೇನೆ. ನಿಮ್ಮ ಅಪ್ಪಯ್ಯನಿಗೆ ಓದಿ ಹೇಳಿ.

ಇವರು ನಾಲ್ಕು ವರ್ಷ ಮುಚ್ಚಿಟ್ಟರು. ರಾತ್ರಿ ಆರು ಸಲ ಏಳುತ್ತಿದ್ದರು. ನನಗೆ ಎಚ್ಚರ ಆಗಬಾರದು ಅಂತ ಲೈಟ್ ಹಾಕುತ್ತಿರಲಿಲ್ಲ. ಒಂದು ರಾತ್ರಿ ಹೊಸ್ತಿಲು ಎಡವಿ ಬಿದ್ದು ಮಣಿಕಟ್ಟು ಮುರಿಯಿತು. ಆಗಲೂ ಬಾಯಿ ಬಿಡಲಿಲ್ಲ. ಆಮೇಲೆ ಊಟ ಸೇರದಾಯಿತು, ವಾಂತಿ, ಕಾಲು ಊದಿತು. ಗ್ಯಾಸ್ ಅಂತ ತಿಳಿದು ಒಂದು ತಿಂಗಳು ಗ್ಯಾಸ್ ಮಾತ್ರೆ ನುಂಗಿದರು. ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 3.8ಕ್ಕೆ ಏರಿತ್ತು. ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿ ಊದಿಕೊಂಡಿದ್ದವು. ಮೂತ್ರಕೋಶ ತುಂಬಿ ತುಂಬಿ, ನೀರು ಹಿಂದಕ್ಕೆ ಒತ್ತಿ ಕಿಡ್ನಿಗೆ ಪೆಟ್ಟು ಕೊಟ್ಟಿತ್ತು. ನೋವೇ ಇರಲಿಲ್ಲ ನೋಡಿ, ಅದೇ ಮೋಸ ಮಾಡಿದ್ದು.

ಪೈಪ್ ಹಾಕಿ ಕಿಡ್ನಿ ಸುಧಾರಿಸಲು ಐದು ವಾರ ಕಾದು ಆಪರೇಷನ್ ಮಾಡಿದರು. ದಾರಿ ಚೆನ್ನಾಗಿಯೇ ತೆರೆಯಿತು. ಆದರೆ ಮೂತ್ರಕೋಶ ಸೋತುಹೋಗಿತ್ತು. ವರ್ಷಗಟ್ಟಲೆ ಹಿಗ್ಗಿ ಹಿಗ್ಗಿ ಹಳೇ ರಬ್ಬರಿನ ಹಾಗೆ ಆಗಿದೆ, ಹಿಂಡೋ ಬಲ ಇಲ್ಲ ಅಂದರು. ಇವತ್ತಿಗೂ ಬೆಳಿಗ್ಗೆ ಸಂಜೆ ಸಣ್ಣ ಪೈಪ್ ತಾವೇ ಹಾಕಿ ಖಾಲಿ ಮಾಡಿಕೊಳ್ಳುತ್ತಾರೆ. ಸೋಪು ಹಚ್ಚಿ ಕೈ ತೊಳೆದು, ಜೆಲ್ ಸವರಿ, ಕನ್ನಡಿ ಮುಂದೆ ಇಟ್ಟುಕೊಂಡು. ಎರಡು ವರ್ಷ ಮೊದಲು ನನಗೆ ಒಂದು ಮಾತು ಹೇಳಿದ್ದರೆ ಇದು ಬೇಕಿರಲಿಲ್ಲ ಅಂತ ಅವರೇ ಈಗ ಹೇಳುತ್ತಾರೆ.

ಅಡಿಕೆ ಮುಂದಿನ ವರ್ಷವೂ ಬರುತ್ತೆ ತಮ್ಮಾ.

ಸಾಗರದ ಹುಡುಗ

ಅಕ್ಕ, ಇದನ್ನು ಫೋನಿನಲ್ಲಿ ಓದಿದೆ. ಅಪ್ಪಯ್ಯ ಏನೂ ಮಾತಾಡಲಿಲ್ಲ. "ಇನ್ನೊಂದು ಸಲ ಓದು" ಅಂದರು.

ಬಸ್ ಪಾಸ್

ವಿಷಯ ಬೇರೆ ಆದರೂ ಹೇಳುತ್ತೇನೆ. ನಮ್ಮ ಹಿರಿಯರು ಬಸ್ ಹತ್ತುವ ದಿನ ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಅಮ್ಮಂದಿರೂ ಅಷ್ಟೇ. ರಾತ್ರಿ ಬಸ್ಸು ಒಂದೇ ಕಡೆ ನಿಲ್ಲಿಸುತ್ತಾರೆ, ಅದೂ ಊಟದ ಹೋಟೆಲಿನ ಹತ್ತಿರ ಹತ್ತು ನಿಮಿಷ. ಪ್ರಾಸ್ಟೇಟ್ ಇದ್ದವರಿಗೆ ಶುರುವಾಗಲಿಕ್ಕೇ ಎರಡು ನಿಮಿಷ ಬೇಕು, ಹಿಂದೆ ಕ್ಯೂ ನಿಂತಿರುತ್ತೆ, ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ. ಬಂದದ್ದೂ ನಿಂತುಹೋಗುತ್ತೆ.

ರೈಲು ಮಾವ

ಅದಕ್ಕೇ ನಾನು ಐದು ವರ್ಷದಿಂದ ರೈಲು ಬಿಟ್ಟು ಹತ್ತಲ್ಲ. ಸಾಗರಕ್ಕೂ ರೈಲು ಇದೆ ಅಲ್ವಾ.

ಬಸ್ ಪಾಸ್

ಇದೆ ಮಾವ, ಆದರೆ ತತ್ಕಾಲ್ ಸಿಕ್ಕಬೇಕಲ್ಲ.

ರಂಗನಾಥ ಹಾಸನ

ಬರೆಯುತ್ತೇನೆ ಅಂದಿದ್ದೆ, ತಡವಾಯಿತು. ಆಪರೇಷನ್ ದಿನ ಏನಾಗುತ್ತೆ ಅಂತ ಗೊತ್ತಿದ್ದರೆ ಭಯ ಅರ್ಧ ಹೋಗುತ್ತೆ. ನನಗೆ ಹೇಳುವವರು ಇರಲಿಲ್ಲ.

ನನ್ನದು ಟಿಯುಆರ್‌ಪಿ. ಹೊಟ್ಟೆ ಕೊಯ್ಯುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಸೊಂಟದ ಕೆಳಗೆ ಮರಗಟ್ಟಿತು. ಎಚ್ಚರ ಇತ್ತು. ಮೂತ್ರದ ದಾರಿಯಲ್ಲೇ ಸಲಕರಣೆ ಒಳಗೆ ಬಿಟ್ಟು ಕರೆಂಟಿನ ತಂತಿಯಿಂದ ಗ್ರಂಥಿಯನ್ನು ಚೂರು ಚೂರು ಹೆರೆದು ತೆಗೆಯುತ್ತಾರೆ. ಒಂದು ಗಂಟೆ ಆಗಿರಬಹುದು. ಡಾಕ್ಟರ್ ಆಮೇಲೆ ಬಾಟಲಿ ತೋರಿಸಿದರು, ತುರಿದ ಕೊಬ್ಬರಿ ಹಾಗೆ ಚೂರುಗಳು.

ವಾರ್ಡಿಗೆ ಬಂದಾಗ ಮೂರು ಬಾಯಿಯ ದಪ್ಪ ಪೈಪ್ ಇತ್ತು. ಒಂದರಲ್ಲಿ ಸಲೈನ್ ಒಳಗೆ ಹೋಗುತ್ತೆ, ಒಂದರಲ್ಲಿ ಹೊರಗೆ ಚೀಲಕ್ಕೆ ಬರುತ್ತೆ, ಇನ್ನೊಂದು ಒಳಗಿನ ಬಲೂನಿಗೆ. ದೊಡ್ಡ ದೊಡ್ಡ ಬಾಟಲಿ, ಒಂದು ಮುಗಿಯುವ ಮುಂಚೆ ಇನ್ನೊಂದು. ಮೊದಲ ರಾತ್ರಿ ಚೀಲದ ಬಣ್ಣ ಬೀಟ್‌ರೂಟ್ ಬೇಯಿಸಿದ ನೀರಿನ ಹಾಗಿತ್ತು. ನೋಡಿ ನನ್ನ ಹೆಂಡತಿ ತಲೆ ತಿರುಗಿ ಕೂತುಬಿಟ್ಟಳು. ಸಿಸ್ಟರ್ ಬಂದು, "ರಕ್ತ ಸ್ವಲ್ಪವೇ ಅಮ್ಮ, ಒಂದು ಬಕೆಟ್ ನೀರಿಗೆ ಒಂದು ಚಮಚ ಕುಂಕುಮ ಹಾಕಿದರೂ ಕೆಂಪಾಗಲ್ವಾ" ಅಂದರು. ಮಾರನೇ ದಿನ ಗುಲಾಬಿ ಬಣ್ಣ, ಮೂರನೇ ದಿನ ತಿಳಿ.

ನೋವಿಗಿಂತ ಕಷ್ಟ ಆಗಿದ್ದು ಮೂತ್ರಕೋಶ ಹಿಂಡಿಕೊಳ್ಳುವುದು. ಪೈಪ್ ಇದ್ದರೂ ಈಗಲೇ ಹೋಗಬೇಕು ಅನ್ನಿಸುತ್ತೆ, ಪೈಪಿನ ಪಕ್ಕದಿಂದ ಒಸರುತ್ತೆ. ಹೆದರಬಾರದು, ತಿಣುಕಬಾರದು. ಹೇಳಿದರೆ ಮಾತ್ರೆ ಕೊಡುತ್ತಾರೆ, ಸರಿಹೋಗುತ್ತೆ. ಮೂರನೇ ದಿನ ಪೈಪ್ ತೆಗೆದರು. ಮೊದಲ ಸಲ ಹೋದಾಗ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿ. ಆದರೆ ಆ ಧಾರೆ! ಇಪ್ಪತ್ತು ವರ್ಷದಿಂದ ಮರೆತಿದ್ದೆ ಅಂತಹ ಶಬ್ದವನ್ನ.

ಸೋರುವ ವಿಷಯ: ನನಗೆ ಮೂರು ವಾರ, ಎದ್ದಾಗ ಕೆಮ್ಮಿದಾಗ ಸ್ವಲ್ಪ ಹನಿಯುತ್ತಿತ್ತು. ಅವಸರವೂ ಇತ್ತು. ಕೆಗೆಲ್ ವ್ಯಾಯಾಮ ಹೇಳಿಕೊಟ್ಟರು, ಮೂತ್ರ ತಡೆಯುವ ಸ್ನಾಯುವನ್ನು ಬಿಗಿ ಹಿಡಿದು ಬಿಡೋದು. ಎರಡು ತಿಂಗಳಲ್ಲಿ ಪೂರ್ತಿ ನಿಂತಿತು. ಜೀವನಪೂರ್ತಿ ಸೋರುವುದು ಬಹಳ ಅಪರೂಪ ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಹುಬ್ಬಳ್ಳಿ ಮಾಸ್ತರ್

ರಂಗನಾಥ ಅವರೇ, ಈಗ ಹೆರೆಯುವ ಕಾಲ ಹೋಯಿತು. ನನಗೆ 110 ಗ್ರಾಂ ಇತ್ತು, ಹೋಲೆಪ್ ಮಾಡಿಸಿದೆ. ಹೋಲ್ಮಿಯಂ ಲೇಸರ್. ಕಿತ್ತಳೆಹಣ್ಣಿನ ಸಿಪ್ಪೆ ಹಾಗೇ ಬಿಟ್ಟು ಒಳಗಿನ ತೊಳೆ ಬಿಡಿಸುವ ಹಾಗೆ ಪೂರ್ತಿ ಬಿಡಿಸಿ, ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ಪುಡಿ ಮಾಡಿ ಎಳೆದು ತೆಗೆದರು. ಮಾರನೇ ದಿನ ಪೈಪ್ ತೆಗೆದರು, ಸಂಜೆ ಮನೆ. ಮತ್ತೆ ಬೆಳೆಯುವ ಸಂಭವವೂ ಕಮ್ಮಿ. ಬೆಂಗಳೂರಿಗೇ ಕರೆದುಕೊಂಡು ಹೋಗಿ.

ರಂಗನಾಥ ಹಾಸನ

110 ಗ್ರಾಂಗೆ ಸರಿ ಮಾಸ್ತರೇ. 68 ಗ್ರಾಂಗೆ ಟಿಯುಆರ್‌ಪಿ ಧಾರಾಳವಾಗಿ ಸಾಕು.

ಹುಬ್ಬಳ್ಳಿ ಮಾಸ್ತರ್

ಸ್ಟೆಂಟ್ ಇದೆ, ರಕ್ತ ತೆಳು ಮಾಡುವ ಮಾತ್ರೆ ಇದೆ. ರಕ್ತಸ್ರಾವ ಲೇಸರ್‌ನಲ್ಲಿ ಕಮ್ಮಿ ಅಲ್ವಾ?

ವಾರ್ಡ್ ಸಿಸ್ಟರ್ ಮಂಗಳೂರು

ಆ ಮಾತು ನಿಜ, ಕಮ್ಮಿ. ಆದರೆ ಲೇಸರ್ ಅಂದರೆ ಒಳಗೆ ಗಾಯವೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಗಾಯ ಇದ್ದೇ ಇರುತ್ತೆ, ಮಾಯಲು ಆರು ವಾರ ಬೇಕೇ ಬೇಕು. ಹೋಲೆಪ್ ಆದ ಮೇಲೆ ಮೊದಲ ಒಂದೆರಡು ತಿಂಗಳು ಸೋರುವುದು ಕೆಲವರಿಗೆ ಜಾಸ್ತಿಯೇ. ಕಲಿಯಲು ಕಷ್ಟದ ಆಪರೇಷನ್ ಅದು, ಮಾಡುವವರ ಕೈ ಪಳಗಿರಬೇಕು. ಟಿಯುಆರ್‌ಪಿಯಲ್ಲೂ ಈಗ ಬೈಪೋಲಾರ್ ಬಂದಿದೆ. ಹಳೆಯದರಲ್ಲಿ ತೊಳೆಯಲು ಗ್ಲೈಸಿನ್ ನೀರು ಬಳಸುತ್ತಿದ್ದರು, ಅದು ರಕ್ತಕ್ಕೆ ಸೇರಿ ಸೋಡಿಯಂ ಇಳಿದು ಕೆಲವರು ಗಾಬರಿಯಾಗಿ ಬಡಬಡಿಸುತ್ತಿದ್ದರು. ಬೈಪೋಲಾರ್‌ನಲ್ಲಿ ಸಲೈನ್ ಬಳಸುವುದರಿಂದ ಆ ಭಯ ಇಲ್ಲ. "ನಿಮ್ಮದು ಬೈಪೋಲಾರಾ, ವರ್ಷಕ್ಕೆ ಎಷ್ಟು ಮಾಡುತ್ತೀರಿ" ಅಂತ ಕೇಳಿ. ಕೇಳಿದರೆ ತಪ್ಪಿಲ್ಲ.

ಇನ್ನೊಂದು. ಮಾಡಿಸಿದ ಮೇಲಿನ ಎರಡು ವಾರ ಆಸ್ಪತ್ರೆ ಹತ್ತಿರ ಇರಬೇಕು. ಹತ್ತರಿಂದ ಹದಿನಾಲ್ಕನೇ ದಿನದೊಳಗೆ ಒಳಗಿನ ಹಕ್ಕಳೆ ಉದುರುತ್ತೆ, ಕೆಲವರಿಗೆ ಆಗ ಮತ್ತೆ ರಕ್ತ ಬರುತ್ತೆ. ಬೆಂಗಳೂರಿನಲ್ಲಿ ಮಾಡಿಸಿ ಐದನೇ ದಿನ ಸಾಗರಕ್ಕೆ ಹೊರಟರೆ ಆ ರಾತ್ರಿ ಏನು ಮಾಡುತ್ತೀರಿ?

ಕಡೂರು ಕಾಯಿ ವ್ಯಾಪಾರಿ

ಕ್ಲೋಪಿಡೋಗ್ರೆಲ್ ಬಗ್ಗೆ ಹುಷಾರು. ನಮ್ಮ ಚಿಕ್ಕಪ್ಪ ಆಪರೇಷನ್‌ಗೆ ಅಂತ ತಾವೇ ಎರಡೂ ಮಾತ್ರೆ ನಿಲ್ಲಿಸಿಬಿಟ್ಟರು. ಹತ್ತನೇ ದಿನ ಎದೆನೋವು. ಪುಣ್ಯಕ್ಕೆ ಉಳಿದರು. ಹೃದಯದ ಡಾಕ್ಟರು ಬರೆದುಕೊಡಬೇಕು: ಯಾವುದು ನಿಲ್ಲಿಸಬೇಕು, ಎಷ್ಟು ದಿನ ಮುಂಚೆ, ಮತ್ತೆ ಯಾವಾಗ ಶುರು. ಬಾಯಿಮಾತು ಬೇಡ, ಕಾಗದದ ಮೇಲೆ.

ಹೆಸರು ಬೇಡ

ಕೇಳಲು ಮುಜುಗರ ಆಗುತ್ತೆ, ಆದರೂ ಕೇಳುತ್ತೇನೆ. ನನಗೆ 58. ನನಗೂ ಆಪರೇಷನ್ ಹೇಳಿದ್ದಾರೆ. ಆಮೇಲೆ ಗಂಡ ಹೆಂಡತಿ ಸಂಬಂಧ?

ರಂಗನಾಥ ಹಾಸನ

ಮುಜುಗರ ಬೇಡ. ಇದನ್ನು ಎಲ್ಲರೂ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ, ಬಾಯಿ ಬಿಡಲ್ಲ. ಶಕ್ತಿ ಸಾಮಾನ್ಯವಾಗಿ ಮೊದಲಿನಂತೆಯೇ ಇರುತ್ತೆ. ಆದರೆ ವೀರ್ಯ ಹೊರಗೆ ಬರಲ್ಲ, ಮೂತ್ರಕೋಶಕ್ಕೆ ಹಿಮ್ಮುಖ ಹೋಗಿ ಆಮೇಲೆ ಮೂತ್ರದ ಜೊತೆ ಹೋಗುತ್ತೆ. ಹೆಚ್ಚಿನವರಿಗೆ ಹೀಗೆ ಆಗುತ್ತೆ, ನನಗೂ ಆಗಿದೆ. ಸುಖ ಹೋಗಲ್ಲ. ಅಪಾಯವೂ ಇಲ್ಲ. ಆರು ವಾರ ಬಿಟ್ಟು ಶುರು ಮಾಡಿ. ಡಾಕ್ಟರ್ ಹತ್ತಿರ ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಅವರ ಮುಂದೆಯೇ ಕೇಳಿ. ನಾನು ಹಾಗೆ ಮಾಡಲಿಲ್ಲ, ಆಮೇಲೆ ಅವಳು ಒಂದು ತಿಂಗಳು ಒಳಗೊಳಗೇ ಕೊರಗಿದಳು.

ಹೆಸರು ಬೇಡ

ತುಂಬಾ ಥ್ಯಾಂಕ್ಸ್ ಸಾರ್. ನಾಲ್ಕು ತಿಂಗಳಿಂದ ತಲೆಯಲ್ಲಿ ಇದೇ ಓಡುತ್ತಿತ್ತು.

ಮಕ್ಕಳ ಮೇಷ್ಟ್ರು ಬಾಗಲಕೋಟೆ

58 ಅಂದರೆ ಬೇರೆ ದಾರಿಗಳೂ ಇವೆ, ಕೇಳಿ ನೋಡಿ. ಗ್ರಂಥಿ ಬಹಳ ದೊಡ್ಡದಿಲ್ಲದಿದ್ದರೆ ಹಬೆ ಬಿಡುವ ರೆಜೂಮ್, ದಾರದ ಕ್ಲಿಪ್ ಹಾಕಿ ಪಕ್ಕಕ್ಕೆ ಎಳೆದು ಕಟ್ಟುವ ಯೂರೋಲಿಫ್ಟ್. ಅವುಗಳಲ್ಲಿ ವೀರ್ಯದ ತೊಂದರೆ ಅಪರೂಪ. ಆದರೆ ಫಲ ಟಿಯುಆರ್‌ಪಿಯಷ್ಟು ಗಟ್ಟಿ ಅಲ್ಲ.

ನಮ್ಮ ಅಜ್ಜನಿಗೆ 1984ರಲ್ಲಿ ಹೊಟ್ಟೆ ಕೊಯ್ದೇ ಮಾಡಿದ್ದು, 18 ದಿನ ಆಸ್ಪತ್ರೆಯಲ್ಲಿ ಇದ್ದರು. ಆ ತರಹದ ಆಪರೇಷನ್ನಿಗೆ 1900ರ ಹೊತ್ತಿಗೆ ಲಂಡನ್ನಿನಲ್ಲಿ ಹೆಸರು ತಂದುಕೊಟ್ಟ ಪೀಟರ್ ಫ್ರೇಯರ್ ಅದಕ್ಕೂ ಮುಂಚೆ ಇಪ್ಪತ್ತು ವರ್ಷ ನಮ್ಮ ದೇಶದಲ್ಲೇ ಇಂಡಿಯನ್ ಮೆಡಿಕಲ್ ಸರ್ವೀಸಿನಲ್ಲಿ ಇದ್ದವರು. ಹೋಲೆಪ್ ಬಂದಿದ್ದು 1990ರ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ತಂಡದಿಂದ. ಇಬ್ಬರೂ ಪೀಟರ್.

ಕೊಡಗಿನ ಕಾವೇರಪ್ಪ

ಮೇಷ್ಟ್ರೇ, ಖರ್ಚಿನ ಬಗ್ಗೆ ಯಾರೂ ಹೇಳುತ್ತಿಲ್ಲ.

ಪಂಚಾಯ್ತಿ ಗೆಳೆಯ

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಅಲ್ಲಿ ಆಗದಿದ್ದರೆ ರೆಫರಲ್ ಬರೆಸಿಕೊಂಡು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಅಡಿಕೆ ಸೊಸೈಟಿ ಸದಸ್ಯರಾದರೆ ಯಶಸ್ವಿನಿ ಕಾರ್ಡ್ ಮಾಡಿಸಿದ್ದೀರಾ ನೋಡಿ. ಬೆಂಗಳೂರಿನವರಿಗೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ನೆಫ್ರೋ ಯುರಾಲಜಿ ಸಂಸ್ಥೆ ಇದೆ, ಸರ್ಕಾರದ್ದೇ, ಇದಕ್ಕೇ ಮೀಸಲು. ಸ್ವಂತ ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ಓದಿ. ಎಷ್ಟೋ ಪಾಲಿಸಿಗಳಲ್ಲಿ ಪ್ರಾಸ್ಟೇಟ್‌ಗೆ ಎರಡು ವರ್ಷ ಕಾಯಬೇಕು ಅಂತ ಬರೆದಿರುತ್ತೆ.

ಸಾಗರದ ಹುಡುಗ

ಅಪ್ಪಯ್ಯ ಒಪ್ಪಿದರು! ಧಾರವಾಡದ ಅಕ್ಕನ ಮಾತೇ ಒಪ್ಪಿಸಿದ್ದು. ಎಂಆರ್‌ಐ ಆಯಿತು, ಅನುಮಾನದ್ದು ಏನೂ ಕಾಣಲಿಲ್ಲ. ಹೃದಯದ ಡಾಕ್ಟರ್ ಕ್ಲೋಪಿಡೋಗ್ರೆಲ್ ಐದು ದಿನ ಮುಂಚೆ ನಿಲ್ಲಿಸಲು, ಆಸ್ಪಿರಿನ್ 75 ಬಿಡದೆ ಮುಂದುವರಿಸಲು ಬರೆದುಕೊಟ್ಟರು. ಶಿವಮೊಗ್ಗದಲ್ಲೇ ಬೈಪೋಲಾರ್ ಟಿಯುಆರ್‌ಪಿ, ಮುಂದಿನ ಗುರುವಾರ. ಅಲ್ಲೇ ಅತ್ತೆಯ ಮನೆ ಇದೆ, ಎರಡು ವಾರ ಅಲ್ಲೇ ಇರಿಸುತ್ತೇವೆ.

ಧಾರವಾಡದ ಅಕ್ಕ

ಒಳ್ಳೆಯದಾಗಲಿ. ಸೊಪ್ಪು, ಬಾಳೆಹಣ್ಣು, ರಾತ್ರಿ ಇಸಬ್ಗೋಲ್ ಕೊಡಿ. ಎರಡಕ್ಕೆ ಕೂತಾಗ ತಿಣುಕಬಾರದು, ಅದೇ ಮುಖ್ಯ.

ಸಾಗರದ ಹುಡುಗ

ಆಪರೇಷನ್ ಆಯಿತು. ರಂಗನಾಥ ಸಾರ್ ಹೇಳಿದ್ದ ಬಣ್ಣಗಳು ಅದೇ ಕ್ರಮದಲ್ಲಿ ಬಂದವು, ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದರಿಂದ ಧೈರ್ಯವಾಗಿದ್ದರು. ಮೂರನೇ ದಿನ ಪೈಪ್ ತೆಗೆದರು. ಅಪ್ಪಯ್ಯ ಬಾಗಿಲು ಹಾಕಿಕೊಂಡು ಹೋದರು. ನಾನು ಹೊರಗೆ ನಿಂತು ಶಬ್ದ ಕೇಳಿಸಿಕೊಂಡೆ.

ರಂಗನಾಥ ಹಾಸನ

ಓದಿ ಕಣ್ಣು ತುಂಬಿತು ತಮ್ಮಾ. ಹತ್ತನೇ ದಿನದ ಮೇಲೆ ಹುಷಾರು. ಬಿಂದಿಗೆ ಎತ್ತೋದು, ಬೈಕ್ ಏರೋದು ಬೇಡ.

ಸಾಗರದ ಹುಡುಗ

ತುರ್ತು. ಇವತ್ತು 11ನೇ ದಿನ. ನಾಲ್ಕು ದಿನದ ಹಿಂದೆ ಕ್ಲೋಪಿಡೋಗ್ರೆಲ್ ಮತ್ತೆ ಶುರು ಮಾಡಿದ್ದರು. ಸಂಜೆ ಏಳರಿಂದ ಕೆಂಪಗೆ ಬರುತ್ತಿದೆ, ಈಗ ಲಿವರ್ ತುಂಡಿನ ಹಾಗೆ ಗಡ್ಡೆ ಬಿತ್ತು. ನೀರು ಕುಡಿಸುತ್ತಿದ್ದೇವೆ. ಬೆಳಿಗ್ಗೆವರೆಗೆ ಕಾಯಬಹುದಾ?

ವಾರ್ಡ್ ಸಿಸ್ಟರ್ ಮಂಗಳೂರು

ಕಾಯಬೇಡಿ. ಬರೀ ಗುಲಾಬಿ ಬಣ್ಣ ಇದ್ದರೆ ನೀರು ಕುಡಿದು ಮಲಗಿ ಅನ್ನುತ್ತಿದ್ದೆ. ಹೆಪ್ಪುಗಟ್ಟಿದ ರಕ್ತ ಬೀಳುತ್ತಿದ್ದರೆ ದಾರಿ ಕಟ್ಟಿಕೊಳ್ಳುತ್ತೆ. ಈಗಲೇ ಹೊರಡಿ. ಆಪರೇಷನ್ ಮಾಡಿದವರಿಗೆ ದಾರಿಯಲ್ಲೇ ಫೋನ್ ಮಾಡಿ. ರಾತ್ರಿಯ ಮಾತ್ರೆ ಕೊಡುವ ಮುಂಚೆ ಅವರನ್ನು ಕೇಳಿ.

ಸಾಗರದ ಹುಡುಗ

ಹೊರಟೆವು.

ಹುಬ್ಬಳ್ಳಿ ಮಾಸ್ತರ್

ಏನಾಯಿತು? ಬೆಳಿಗ್ಗೆಯಿಂದ ಮೂರು ಸಲ ನೋಡಿದೆ.

ಸಾಗರದ ಹುಡುಗ

ಕ್ಷಮಿಸಿ, ಈಗ ಬರೆಯಲು ಆಯಿತು. ಅತ್ತೆ ಮನೆಯಿಂದ ಆಸ್ಪತ್ರೆಗೆ ಹದಿನೈದು ನಿಮಿಷ. ಅಷ್ಟರಲ್ಲೇ ಪೂರ್ತಿ ಕಟ್ಟಿಕೊಂಡಿತ್ತು. ದಪ್ಪ ಪೈಪ್ ಹಾಕಿ ದೊಡ್ಡ ಸಿರಿಂಜಿನಲ್ಲಿ ಸಲೈನ್ ಬಿಟ್ಟು ಎಳೆದು, ಬಿಟ್ಟು ಎಳೆದು, ಗಡ್ಡೆಗಳನ್ನೆಲ್ಲ ತೊಳೆದು ತೆಗೆದರು. ಎರಡು ದಿನ ಪೈಪ್ ಇಟ್ಟು ಕಳಿಸಿದರು. ಇಬ್ಬರು ಡಾಕ್ಟರೂ ಮಾತಾಡಿಕೊಂಡು ಕ್ಲೋಪಿಡೋಗ್ರೆಲ್ ಇನ್ನೂ ಸ್ವಲ್ಪ ದಿನ ಮುಂದೂಡಿದ್ದಾರೆ. ಸಾಗರದಲ್ಲಿ ಇದ್ದಿದ್ದರೆ 70 ಕಿಲೋಮೀಟರ್ ಆ ಸ್ಥಿತಿಯಲ್ಲಿ ಬರಬೇಕಿತ್ತು. ಸಿಸ್ಟರ್, ನಿಮ್ಮ ಋಣ ದೊಡ್ಡದು.

ಹುಬ್ಬಳ್ಳಿ ಮಾಸ್ತರ್

ಬೆಂಗಳೂರಿಗೆ ಹೋಗಿ ಅಂದಿದ್ದೆ ನಾನು. ಹತ್ತಿರ ಇರಬೇಕು ಅನ್ನುವುದು ನನಗೆ ಹೊಳೆದಿರಲಿಲ್ಲ. ಸಿಸ್ಟರ್ ಹೇಳಿದ್ದೇ ಸರಿ.

ವಾರ್ಡ್ ಸಿಸ್ಟರ್ ಮಂಗಳೂರು

ಬಯಾಪ್ಸಿ ರಿಪೋರ್ಟ್ ತೆಗೆದುಕೊಂಡಿರಾ? ತೆಗೆದ ಚೂರುಗಳನ್ನು ಪರೀಕ್ಷೆಗೆ ಕಳಿಸಿರುತ್ತಾರೆ. ಬಹಳ ಜನ ಆರಾಮಾಯಿತು ಅಂತ ಅದನ್ನು ತರಲು ಹೋಗುವುದೇ ಇಲ್ಲ. ಅದು ಸರಿ ಇದ್ದರೂ ಪಿಎಸ್‌ಎ ಬಿಡಬಾರದು, ಮಾಸ್ತರ್ ಹೇಳಿದ ಕಿತ್ತಳೆ ಸಿಪ್ಪೆ ಒಳಗೇ ಇದೆ. ಕ್ಯಾನ್ಸರ್ ಬಂದರೆ ಹೆಚ್ಚಾಗಿ ಆ ಹೊರಭಾಗದಲ್ಲೇ. ಕೆಲವು ತಿಂಗಳು ಬಿಟ್ಟು ಧಾರೆ ಮತ್ತೆ ಸಣ್ಣ ಆದರೂ ತೋರಿಸಿ, ಒಳಗೆ ಗಾಯದ ಕಲೆ ಕಟ್ಟಿ ದಾರಿ ಕಿರಿದಾಗಿರಬಹುದು.

ಸಾಗರದ ಹುಡುಗ

ಏಳು ವಾರದ ನಂತರ ಬರೆಯುತ್ತಿದ್ದೇನೆ. ರಿಪೋರ್ಟ್ ಬಂತು, ಕ್ಯಾನ್ಸರ್ ಇಲ್ಲ. ಫ್ಲೋ ಟೆಸ್ಟ್‌ನಲ್ಲಿ ಸೆಕೆಂಡಿಗೆ 17 ಎಂಎಲ್, ಹೋದ ಮೇಲೆ ಉಳಿಯುವುದು 40 ಎಂಎಲ್. ಪಿಎಸ್‌ಎ ಮೂರು ತಿಂಗಳಿಗೆ ಮಾಡಿಸಬೇಕು. ರಾತ್ರಿ ಒಂದೇ ಸಲ ಏಳುತ್ತಾರೆ. ಸೋರುವುದು ಐದನೇ ವಾರಕ್ಕೆ ನಿಂತಿತು.

ಕೊನೆಕೊಯ್ಲು ನಡೆಯುತ್ತಿದೆ. ಕೊನೆಗೌಡ ಮರ ಹತ್ತುತ್ತಾನೆ, ಅಪ್ಪಯ್ಯ ಅಂಗಳದಲ್ಲಿ ಕುರ್ಚಿ ಹಾಕಿ ಕೂತು ಲೆಕ್ಕ ಬರೆಯುತ್ತಾರೆ. ಗೊನೆ ಎತ್ತಲು ಹೋದರೆ ಅಮ್ಮ ಬಿಡಲ್ಲ. ಪಕ್ಕದಲ್ಲಿ ನೀರಿನ ಚೊಂಬು ಇರುತ್ತೆ.

ಹೊಸಬ ತಿಪಟೂರು

ಈಗಷ್ಟೇ ಎಲ್ಲ ಓದಿದೆ. ನಮ್ಮ ಮಾವನವರಿಗೆ 69. ಎರಡು ವಾರದಿಂದ ಪೈಪ್ ಹಾಕಿದೆ. ಆಪರೇಷನ್ ಅಂದರೆ ಎದ್ದು ಹೋಗುತ್ತಾರೆ, ಅಳಿಯನ ಹತ್ತಿರ ಈ ವಿಷಯ ಮಾತಾಡಲೂ ಅವರಿಗೆ ಸಂಕೋಚ. ಏನು ಮಾಡಲಿ?

ಸಾಗರದ ಹುಡುಗ

ಅಪ್ಪಯ್ಯನಿಗೆ ನಿಮ್ಮ ಮೆಸೇಜ್ ಓದಿ ಹೇಳಿದೆ. "ನಂಬರ್ ಕೊಡು, ನಾನೇ ಮಾತಾಡುತ್ತೇನೆ" ಅಂದರು. ನಿಮಗೆ ಪ್ರತ್ಯೇಕವಾಗಿ ಕಳಿಸಿದ್ದೇನೆ. ಮಧ್ಯಾಹ್ನ ಎರಡರಿಂದ ನಾಲ್ಕು ಮಲಗಿರುತ್ತಾರೆ, ಆಮೇಲೆ ಮಾಡಿ. ನಿಮ್ಮ ಮಾವನವರ ಕೈಗೇ ಫೋನ್ ಕೊಟ್ಟು ನೀವು ಆಚೆ ಹೋಗಿ.